ಡಂಬೆಲ್‌ಗೆ ಒಂದು ಜೋಗುಳ

ಕಳೆದ ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ಊಟದ ಡಬ್ಬಿ ತನ್ನಷ್ಟಕ್ಕೆ ತಾನೇ ತಿರುಗತೊಡಗಿತು.

ಫ್ಯಾನ್ ಇರಲಿಲ್ಲ. (ಇತ್ತು, ಕರೆಂಟು ಇರಲಿಲ್ಲ.) ಕಿಟಕಿ ಮುಚ್ಚಿತ್ತು. ಯಾರೂ ಡಬ್ಬಿಯ ಚೀಲ ಮುಟ್ಟಿರಲಿಲ್ಲ. ಇಲಿಗಳ ಕಾಟಕ್ಕೆ ಹೆದರಿ ಅದನ್ನು ಬೆಳಗ್ಗೆಯೇ ಮಾಡಿನ ಕಬ್ಬಿಣದ ಪಟ್ಟಿಗೆ ಒಂದು ತುಂಡು ಹಗ್ಗದಿಂದ ತೂಗುಹಾಕಿದ್ದೆ. ಈಗ ನೋಡಿದರೆ ಚೀಲ ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗುತ್ತಿದೆ. ಒಂದು ಸುತ್ತು. ಇನ್ನೊಂದು ಸುತ್ತು.

“ಅಕ್ಕಾ, ನಿಮ್ಮ ಡಬ್ಬಿಗಿ ದೆವ್ವ ಹೊಕ್ಕದ ನೋಡ್ರಿ,” ಎಂದರು ಜೊತೆಗೆ ಕೆಲಸ ಮಾಡುವ ಗಂಗವ್ವ. “ಇವತ್ತ್ ಏನ್ ತಂದೀರಿ?”

“ಹೀರೇಕಾಯಿ ಪಲ್ಯ.”

“ಹಂಗಾರ ದೆವ್ವಲ್ಲ ಬಿಡ್ರಿ. ಪಲ್ಯಾನೇ ತಪ್ಪಿಸ್ಕೊಂಡು ಓಡಿ ಹೋಗ್ಲತ್ತದ.”

ನಾನೂ ನಕ್ಕೆ. ಎದ್ದು ಹೋಗಿ ಹಗ್ಗ ಹಿಡಿದು ನೋಡಿದೆ. ನಗು ಅಲ್ಲಿಗೇ ನಿಂತಿತು.

ಹಗ್ಗ ಬಾಯಿ ಬಿಟ್ಟಿತ್ತು. ಬಿಗಿಯಾಗಿ ಅಪ್ಪಿಕೊಂಡಿರಬೇಕಾದ ಎಳೆಗಳ ನಡುವೆ ಕಿರುಬೆರಳು ತೂರುವಷ್ಟು ಸಂದು. ಚೀಲ ತಿರುಗಿದಷ್ಟೂ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಂಡಷ್ಟೂ ಚೀಲ ತಿರುಗುತ್ತಿತ್ತು. ಒಂದು ಡಬ್ಬಿ, ಒಂದು ನೀರಿನ ಬಾಟಲಿ. ಅಷ್ಟು ಭಾರಕ್ಕೇ ಈ ಪಾಡು.

ಆ ತುಂಡು ಎಲ್ಲಿಯದು ಎಂದು ನನಗೆ ಗೊತ್ತಿತ್ತು. ಹಿಂದಿನ ಸಂಜೆ ಪರೇಲ್‌ನ ಒಂದು ಮನೆಗೆ ಕಳಿಸಿಕೊಟ್ಟ ತೊಟ್ಟಿಲಿನ ಹಗ್ಗದಲ್ಲಿ ಉಳಿದ ತುದಿ ಅದು. ಅದೇ ಶನಿವಾರ ಸಂಜೆ ಐದಕ್ಕೆ ಆ ತೊಟ್ಟಿಲಿನಲ್ಲಿ ಒಂದು ಹೆಣ್ಣು ಕೂಸನ್ನು ಮಲಗಿಸಿ ಹೆಸರಿಡುವವರಿದ್ದರು.

ಈ ಅಂಕಣ ಓದುವವರಿಗೆ ನನ್ನ ಕಾರ್ಖಾನೆ ಹೊಸದಲ್ಲ. ಕಾರ್ಖಾನೆ ಎನ್ನುವುದು ಬಾಯಿಮಾತಿಗೆ. ಧಾರಾವಿಯ ಒಂದು ಗಲ್ಲಿಯಲ್ಲಿ, ಚರ್ಮದ ಬ್ಯಾಗು ಹೊಲಿಯುವವರ ತಲೆಯ ಮೇಲಿನ ಒಂದು ಕೋಣೆ. ಕಬ್ಬಿಣದ ಏಣಿ ಹತ್ತಿ ಬರಬೇಕು. ಖಾಕಿ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ತುಸು ಒದ್ದೆ ಮಾಡಿ, ಕೈಯಲ್ಲಿ ಹೊಸೆದು ಹುರಿ ಮಾಡುತ್ತೇವೆ. ಹುರಿಯಿಂದ ಬುಟ್ಟಿ, ಲ್ಯಾಂಪ್‌ಶೇಡ್, ಚೀಲದ ಹಿಡಿಕೆ.

“ಕಾಗದದ ಹಗ್ಗವೇ? ಹರಿಯುವುದಿಲ್ಲವೇ?” ಎಂದು ಎಲ್ಲರೂ ಕೇಳುತ್ತಾರೆ. ಹರಿಯುವುದಿಲ್ಲ. ಸರಿಯಾಗಿ ಹೊಸೆದರೆ ಭಾರ ತಾಳುತ್ತದೆ. ನಮ್ಮ ಮನೆಯ ಒಂದು ಹಳೆಯ ಕುರ್ಚಿಗೆ ಇದೇ ಹುರಿ ಹೆಣೆದಿದ್ದೇನೆ. ನನ್ನ ಅಪ್ಪ ದಿನಾ ಸಂಜೆ ತಮ್ಮ ಹೊಟ್ಟೆ ಸಮೇತ ಅದರ ಮೇಲೆ ಕೂರುತ್ತಾರೆ. (ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಬೆಳೆಸಿದ ಹೊಟ್ಟೆ, ಸಣ್ಣದಲ್ಲ.) ಹುರಿಗೆ ಏನೂ ಆಗಿಲ್ಲ.

ಸರಿಯಾಗಿ ಹೊಸೆದರೆ.

ತೊಟ್ಟಿಲು ಮಾಡಿಸಿದವಳು ನೇಹಾ. ಹುಟ್ಟಿದ್ದು, ಬೆಳೆದದ್ದು ಮುಂಬಯಿ. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಮೂರು ಭಾಷೆಗಳಲ್ಲಿ ಎಡವುತ್ತಾ ಬರುತ್ತದೆ. “ದೀದಿ, ಎಲ್ಲಾ ಪೇಪರ್‌ದೇ ಬೇಕು. ಬುಟ್ಟಿ ಭೀ, ರಸ್ಸೀ ಭೀ. ಪ್ಲಾಸ್ಟಿಕ್ ಬಿಲ್ಕುಲ್ ಬೇಡ,” ಎಂದಿದ್ದಳು. ಅವಳ ಅತ್ತೆಯವರದು ವಿಜಯಪುರದ ಕಡೆಯ ಮನೆತನ. ಅಲ್ಲಿಂದ ತಂದ ಹಳೆಯ ತೊಟ್ಟಿಲಿನ ಹಿತ್ತಾಳೆ ಕೊಂಡಿಗಳು ನಾಲ್ಕು ಇದ್ದವು, ಗಿರಗಿರ ತಿರುಗುವಂಥವು. ನಾಲ್ಕು ಕೊಂಡಿಗೆ ನಾಲ್ಕು ಹಗ್ಗ, ಕೆಳಗೆ ಬುಟ್ಟಿ. ನೋಡಲು ಚೆಂದವಿತ್ತು. ನಾನು ಮಾಡಿದ ಮೊದಲ ತೊಟ್ಟಿಲು.

ಹಗ್ಗ ಯಾಕೆ ಬಾಯಿ ಬಿಟ್ಟಿತು? ಎಳೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಒಂದು ಎಳೆಯ ತಿರುವು ಎಡಕ್ಕೆ ಬಾಗಿತ್ತು. ಜೊತೆಯ ಎಳೆಯದು ಬಲಕ್ಕೆ.

ದೇವರ ಬತ್ತಿ ಹೊಸೆದು ಗೊತ್ತಿರುವವರಿಗೆ ಇದು ತಕ್ಷಣ ಹೊಳೆದೀತು. ಬಲಗೈಯಿಂದ ತೊಡೆಯ ಮೇಲೆ ಉಜ್ಜಿದ ಎಳೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಎಡಗೈಯಿಂದ ಉಜ್ಜಿದ್ದು ಇನ್ನೊಂದು ಕಡೆಗೆ. ಎರಡೂ ಗಟ್ಟಿಯೇ. ಒಂದೇ ಕಡೆ ತಿರುಚಿದ ಎರಡು ಎಳೆಗಳನ್ನು ಸೇರಿಸಿ ಉಲ್ಟಾ ಹೊಸೆದರೆ ಅವು ಒಂದನ್ನೊಂದು ಹಿಡಿದು ಕೂರುತ್ತವೆ. ಬೇರೆ ಬೇರೆ ಕಡೆಯವನ್ನು ಸೇರಿಸಿದರೆ ಬಿಡಿಸಿಕೊಳ್ಳಲು ದಾರಿ ನೋಡುತ್ತವೆ. ಹೊಸದರಲ್ಲಿ ತಿಳಿಯುವುದಿಲ್ಲ, ಹಗ್ಗಕ್ಕೆ ಹಚ್ಚಿದ ಗಂಜಿ ಹಿಡಿದಿಟ್ಟಿರುತ್ತದೆ. ಭಾರ ಬಿದ್ದ ಮೇಲೆ ಗಂಜಿಯ ಆಟ ನಡೆಯುವುದಿಲ್ಲ.

“ಇದು ಯಾರು ಹೊಸೆದದ್ದು?”

ನಮ್ಮಲ್ಲಿ ಹೊಸೆಯುವವರು ಮೂವರೇ. ಗಂಗವ್ವ, ಶಾಂತಾ ಮತ್ತು ನಾನು. ಅವರಿಬ್ಬರೂ ಕಲಬುರಗಿಯ ಕಡೆಯವರು, ಈಗ ಇದೇ ಗಲ್ಲಿಯವರು. ಗಂಗವ್ವ ಅಜ್ಜಿಯಾಗಿದ್ದಾರೆ, ಶಾಂತಾಗೆ ಮದುವೆಯಾಗಿ ವರ್ಷವಾಗಿಲ್ಲ. ಮೂವರೂ ಬಲಗೈಯವರು ಎಂದೇ ನಾನು ನಂಬಿದ್ದೆ.

ಶಾಂತಾ ತಲೆ ಎತ್ತಲಿಲ್ಲ. “ನಂದೇ ಇರಬೇಕ್ರಿ ಅಕ್ಕಾ.”

“ನೀನು ಬಲಗೈಯಲ್ಲೇ ಅಲ್ವಾ ಮಾಡೋದು?”

“ಇಲ್ಲಿ ಬಲಗೈರಿ. ಎರಡ್ ಕಟ್ಟು ಪಟ್ಟಿ ಮನಿಗಿ ಒಯ್ದಿದ್ದೆನಲ್ರಿ, ಅವು ಎಡಗೈಲೆ ಹೊಸದೀನಿ. ಎಡಗೈಲೆ ಲಗೂ ಆಗ್ತದ್ರಿ ನನಗ.”

“ಹೇಳಬಾರದಿತ್ತಾ?”

ಅವಳು ಗಂಗವ್ವನ ಕಡೆ ನೋಡಿದಳು. ಗಂಗವ್ವ ಗೋಡೆಯ ಕಡೆ ನೋಡಿದರು.

ಯಾಕೆ ಹೇಳಲಿಲ್ಲ ಎಂದು ನನಗೂ ನೆನಪಾಯಿತು. ತೊಟ್ಟಿಲಿನ ಕೆಲಸ ಶುರುವಾದ ದಿನ ಗಂಗವ್ವ, “ಕೂಸಿನ ತೊಟ್ಟಲಾ ಅದ. ಯಾರೂ ಎಡಗೈ ಹಚ್ಚಬ್ಯಾಡ್ರಿ, ಛಲೋ ಅಲ್ಲ,” ಎಂದಿದ್ದರು. ನಾನು ಆಗ ನಕ್ಕು ಸುಮ್ಮನಾಗಿದ್ದೆ. ಎಡಗೈಯವರು ನಮ್ಮಲ್ಲಿ ಯಾರಿದ್ದಾರೆ ಎಂದು.

ನನಗೆ ಬರೆದಿಡುವ ಚಟ. ನಿಮಗೆ ಗೊತ್ತೇ ಇದೆ, ನೀವು ಇದಕ್ಕೆ ಎಷ್ಟೋ ಸಲ ನಕ್ಕಿದ್ದೀರಿ. ಶಾಂತಾ ಆ ಎರಡು ಕಟ್ಟು ಯಾವ ದಿನ ಒಯ್ದಳು, ಯಾವ ದಿನ ತಂದಳು, ಎಷ್ಟು ಮೀಟರ್, ಎಲ್ಲವೂ ಡೈರಿಯಲ್ಲಿದೆ. ಯಾವ ಕೈ ಎಂಬ ಕಾಲಂ ಮಾತ್ರ ಇರಲಿಲ್ಲ. ಕಟ್ಟುಗಳನ್ನು ಎಲ್ಲರ ಎಳೆಗಳಿರುವ ಡ್ರಮ್ಮಿಗೆ ಸುರಿದವಳು ನಾನು. ಅಲ್ಲಿಂದ ಕೈಗೆ ಸಿಕ್ಕ ಎಳೆ ಎತ್ತಿ ಹಗ್ಗ ಹೊಸೆದವಳೂ ನಾನು.

ಉಳಿದ ತುದಿ ನಾಲ್ಕನೇ ಹಗ್ಗದ್ದು. ಇನ್ನು ಮೂರು ಹಗ್ಗಗಳ ಕಥೆ? ಗೊತ್ತಿಲ್ಲ.

ಹಾಗಾದರೆ ಕಳಿಸುವ ಮುಂಚೆ ಪರೀಕ್ಷೆ ಮಾಡಲಿಲ್ಲವೇ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ತೊಟ್ಟಿಲನ್ನು ಇದೇ ಕಬ್ಬಿಣದ ಪಟ್ಟಿಗೆ ಕಟ್ಟಿ ತೂಗಿ ನೋಡಲು ನಾನು ಕೈ ಹಾಕಿದ್ದೆ. ಗಂಗವ್ವ ಅಡ್ಡ ಬಂದರು.

“ಖಾಲಿ ತೊಟ್ಟಲಾ ತೂಗಬಾರದ್ರಿ ಅಕ್ಕಾ! ಕೂಸಿಗಿ ಹೊಟ್ಟಿ ನೋಯ್ತದ.”

ಈ ಮಾತು ನಮ್ಮ ಮನೆಯಲ್ಲೂ ಇದೆ. ಅಮ್ಮನೂ ಹೇಳುತ್ತಾರೆ. ನಾನು ನಂಬುತ್ತೇನೆಯೇ? ಇಲ್ಲ. ಆದರೆ ಕೆಳಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ನಂಬದವಳಿಗೂ ಆ ಹೊತ್ತಿಗೆ ಆ ನಂಬಿಕೆ ಬಹಳ ಅನುಕೂಲವಾಗಿ ಕಂಡಿತು. ಎರಡು ಕೈಯಲ್ಲಿ ಒಂದೊಂದೇ ಹಗ್ಗ ಹಿಡಿದು ಜಗ್ಗಿದೆ. ಗಟ್ಟಿಯಿದ್ದವು. ಡೈರಿಯಲ್ಲಿ ‘ಓಕೆ’ ಎಂದು ಬರೆದೆ. ಒಳಗೆ ಒಂದು ಅಕ್ಕಿಚೀಲ ಇಟ್ಟು ತೂಗಬಹುದಿತ್ತಲ್ಲ ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನೇಹಾಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮೆಸೇಜ್ ಹಾಕಿದೆ, ಎರಡು ಟಿಕ್ ಬಂತು, ನೀಲಿಯಾಗಲಿಲ್ಲ. ನಾಮಕರಣದ ಮನೆಯಲ್ಲಿ ಕೂಸಿನ ತಾಯಿ ಫೋನ್ ಹಿಡಿದು ಕೂತಿರುತ್ತಾಳೆಯೇ? ಅವಳದು ಬಿಟ್ಟರೆ ಆ ಮನೆಯವರ ಬೇರೆ ನಂಬರ್ ನನ್ನ ಬಳಿ ಇರಲಿಲ್ಲ. (ಅದಕ್ಕೂ ಈಗ ಕಾಲಂ ಇದೆ.)

ಗಲ್ಲಿಯ ಅಂಗಡಿಯಲ್ಲಿ ಬಿಳಿ ನೂಲಿನ ಹಗ್ಗ ಕೊಂಡೆ. ಶಾಂತಾ ಚಪ್ಪಲಿ ಮೆಟ್ಟಿ ನಿಂತಿದ್ದಳು. “ನಾನೂ ಬರ್ತಿನ್ರಿ.” ಬೇಡ ಎನ್ನಲು ಪುರುಸೊತ್ತಿರಲಿಲ್ಲ. ಶನಿವಾರ ಸಂಜೆಯ ರಸ್ತೆಯನ್ನು ನಂಬಿ ಟ್ಯಾಕ್ಸಿ ಹತ್ತುವವರು ಮುಂಬಯಿಯಲ್ಲಿ ಹೊಸಬರು ಮಾತ್ರ. ಸಾಯನ್ ಸ್ಟೇಷನ್ನಿಗೆ ಓಡಿದೆವು. ಸ್ಲೋ ಲೋಕಲ್ ಸಿಕ್ಕಿತು.

ಮಾಟುಂಗಾ ದಾಟಿ ಗಾಡಿ ನಿಂತಿತು. ಸ್ಟೇಷನ್ ಇಲ್ಲ, ಏನಿಲ್ಲ. ಸುಮ್ಮನೆ ನಿಂತಿತು. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಕ್ಲಿಪ್ಪು ಮಾರುತ್ತಿದ್ದಳು, ಇನ್ನೊಬ್ಬಳು ಬಟಾಣಿ ಸುಲಿಯುತ್ತಿದ್ದಳು. ಯಾರಿಗೂ ಅವಸರವಿರಲಿಲ್ಲ. ನನ್ನ ಕಣ್ಣೆದುರು ಡಬ್ಬಿ ತಿರುಗುತ್ತಲೇ ಇತ್ತು. ಡಬ್ಬಿಗಿಂತ ಕೂಸು ಭಾರ. ಡಬ್ಬಿಯನ್ನು ಯಾರೂ ತೂಗುವುದಿಲ್ಲ. ಕೂಸನ್ನು ಊರೆಲ್ಲ ಸರದಿಯ ಮೇಲೆ ತೂಗುತ್ತದೆ.

“ಅಕ್ಕಾ,” ಶಾಂತಾ ಮೆಲ್ಲಗೆ ಎಂದಳು, “ನನ್ನ ಹೆಸರು ಹೇಳ್ತೀರೇನ್ರಿ?”

“ಯಾಕೆ ಹೇಳಲಿ? ನಿನ್ನ ಎಳೆ ಸರಿಯಾಗೇ ಇದೆ. ಬೆರೆಸಿದ್ದು ನಾನು.”

ಅವಳಿಗೆ ಅದು ಸಮಾಧಾನ ಕೊಟ್ಟ ಹಾಗೆ ಕಾಣಲಿಲ್ಲ. ಎಡಗೈಯ ಬೆನ್ನನ್ನು ನನ್ನ ಮುಂದೆ ಹಿಡಿದಳು. ಬೆರಳ ಗೆಣ್ಣಿನ ಮೇಲೆ ಹಳೆಯ, ನುಣುಪಾದ ಒಂದು ಕಲೆ.

“ಎಡಗೈಲೆ ಉಣ್ತೀನಂತ ನಮ್ಮ ಅಜ್ಜಿ ಚಮಚಾ ಕಾಸಿ ಇಟ್ಟಿದ್ಲ್ರಿ. ಅವತ್ತಿಂದ ಮಂದಿ ಮುಂದ ಬಲಗೈ. ಒಬ್ಬಾಕಿ ಇದ್ರ ಎಡಗೈ. ನಮ್ಮ ಮನಿಯವರಿಗಿ ಇನ್ನಾ ಗೊತ್ತಿಲ್ರಿ.”

ಮದುವೆಯಾದ ಗಂಡನಿಗೇ ಗೊತ್ತಿಲ್ಲದ್ದನ್ನು ನನ್ನ ಡೈರಿ ಹೇಗೆ ತಿಳಿದುಕೊಂಡೀತು?

ಗಾಡಿ ಹೊರಟಿತು.

ಪರೇಲ್‌ನ ಆ ಬಿಲ್ಡಿಂಗು ಹಿಂದೆ ಚಾಳ್ ಇದ್ದ ಜಾಗದಲ್ಲಿ ಎದ್ದದ್ದು. ಹದಿನೆಂಟನೇ ಮಾಳಿಗೆ. ಲಿಫ್ಟಿನ ಬಾಗಿಲು ತೆರೆಯುವ ಮೊದಲೇ ಹೆಂಗಸರ ಹಾಡು ಕೇಳಿಸಿತು. ಹಾಲಿನ ತುಂಬಾ ಜರಿ ಸೀರೆ, ಮಲ್ಲಿಗೆ, ಫೋಟೋದವನ ಲೈಟು. ನಟ್ಟನಡುವೆ ನನ್ನ ತೊಟ್ಟಿಲು.

ನಾಲ್ಕೂ ಹಗ್ಗಗಳನ್ನು ಮೇಲಿಂದ ಕೆಳತನಕ ಮಲ್ಲಿಗೆ ದಂಡೆ ಸುತ್ತಿ ಮುಚ್ಚಿದ್ದರು. ಒಂದು ಬೆರಳಿನಷ್ಟು ಕಾಗದವೂ ಕಾಣುತ್ತಿರಲಿಲ್ಲ. ನಾಲ್ಕನೇ ಹಗ್ಗ ಯಾವುದು? ಯಾವ ಮೂಲೆ? ದೇವರಿಗೇ ಗೊತ್ತು.

“ದೀದಿ! ಆಪ್ ಆ ಗಯೀ!” ನೇಹಾ ಕೈ ಹಿಡಿದುಕೊಂಡಳು. “ಎಲ್ಲರೂ ಪೂಛ್ತಾ ಇದಾರೆ, ಯಾರು ಮಾಡಿದ್ದು, ಯಾರು ಮಾಡಿದ್ದು ಅಂತ.”

ಮೂಲೆಗೆ ಕರೆದೊಯ್ದು ಹೇಳಿದೆ. “ನೇಹಾ, ಒಂದು ಹಗ್ಗ ಸರಿಯಿಲ್ಲ ಅಂತ ಕಾಣುತ್ತೆ. ನಾಲ್ಕೂ ಬದಲಾಯಿಸಿಬಿಡೋಣ. ಬೇರೆ ಹಗ್ಗ ತಂದಿದೀನಿ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಹೂವು ನೋಡಿದಳು. “ಅಭೀ? ಫೂಲ್‌ವಾಲಾ ಬೆಳಗ್ಗೆಯಿಂದ ಕೂತು ಮಾಡಿದ್ದು ದೀದಿ.” ಹೋಗಿ ಒಂದು ಹಗ್ಗ ಹಿಡಿದು ಜಗ್ಗಿದಳು. ಹಗ್ಗ ಕದಲಲಿಲ್ಲ. “ನೋಡಿ, ಎಷ್ಟು ಸ್ಟ್ರಾಂಗ್ ಇದೆ!” (ನಾನು ಮಾಡಿದ ಪರೀಕ್ಷೆಯೂ ಇದೇ ಅಲ್ಲವೇ.) “ಪಕ್ಕಾ ಖರಾಬ್ ಇದೆಯಾ, ಯಾ ಸಿರ್ಫ್ ಡೌಟ್?”

ಏನು ಹೇಳಲಿ? “ಡೌಟು,” ಎಂದೆ.

“ಪ್ಲೀಸ್ ದೀದಿ. ಆಮೇಲೆ ನೋಡೋಣ.” ಫೋಟೋದವನು ಕರೆದ. ಅವಳು ಹೋದಳು.

ಈಗ ಪ್ರಾಮಾಣಿಕವಾಗಿ ಬರೆಯುತ್ತೇನೆ. ಆ ಕ್ಷಣ ನನ್ನ ಮನಸ್ಸು ಏನೇನು ಲೆಕ್ಕ ಹಾಕಿತು ಗೊತ್ತೇ? ಹೇಳುವುದನ್ನು ಹೇಳಿಯಾಯಿತು. ಒಂದು ಬಿಚ್ಚಿಕೊಂಡರೂ ಇನ್ನು ಮೂರು ಇವೆ. ಕೂಸನ್ನು ಎಷ್ಟು ಹೊತ್ತು ಮಲಗಿಸಿಯಾರು? ಹೆಸರು ಹೇಳಿ, ನಾಲ್ಕು ಸಲ ತೂಗಿ ಎತ್ತಿಕೊಳ್ಳುತ್ತಾರೆ. ಆಮೇಲೆ ಸದ್ದಿಲ್ಲದೆ ಹಗ್ಗ ಬದಲಾಯಿಸಿದರಾಯಿತು. ಅಲ್ಲದೆ ಇದು ಶುಭಕಾರ್ಯದ ಮನೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಜನ ನಾವು. ಅಕ್ಕಿ ಮುಗಿಯಿತು ಎನ್ನದೆ ಹೆಚ್ಚಾಯಿತು ಎನ್ನುವವರು. ಅಂಥವರ ನಡುವೆ ನಿಂತು, ತೊಟ್ಟಿಲು ಕಳಚಿ ಬೀಳಬಹುದು ಎಂದು ಹೇಗೆ ಹೇಳುವುದು? ಯಾವ ಬಾಯಲ್ಲಿ?

ಸುಶೀಲಾಬಾಯಿ ಕೂಸನ್ನು ಎತ್ತಿಕೊಂಡು ಎದ್ದರು. ನೇಹಾಳ ಅತ್ತೆ, ಕೂಸಿನ ಅಜ್ಜಿ. ಕೂಸಿಗೆ ಕೆಂಪು ಕುಲಾವಿ, ಕೆನ್ನೆಗೆ ದೃಷ್ಟಿಬೊಟ್ಟು. ಸೋದರತ್ತೆ ತೊಟ್ಟಿಲಿನ ಬಳಿ ನಿಂತು, “ಲಗೂ ಬರ್ರಿ, ಹೊತ್ತು ಮೀರತೈತಿ,” ಎನ್ನುತ್ತಿದ್ದಳು. ಅವಳ ಕೈಯ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಅವುಗಳ ಪಕ್ಕ ಒಂದು ವಿಚಿತ್ರ ವಸ್ತು. ಬಟ್ಟೆಯಲ್ಲಿ ಹೊಲಿದ, ಹತ್ತಿ ತುಂಬಿದ, ಕಣ್ಣು ಬಾಯಿ ಬರೆದ ಒಂದು ಗುಂಡು.

“ಅದೇನು?” ಎಂದೆ.

“ಗುಂಡಪ್ಪ,” ಎಂದಳು ಸೋದರತ್ತೆ. “ಆನ್‌ಲೈನ್ ಸಿಗತೈತ್ರಿ. ನಾಮಕರಣದ ಸೆಟ್ಟಿನ್ಯಾಗ ಬರತೈತಿ.”

ನನಗೆ ತಟ್ಟನೆ ಅರ್ಥವಾಯಿತು. ಆ ಕಡೆಯವರಲ್ಲಿ ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಮುಟ್ಟಾಗಲಿ ಎಂದು ಹಾರೈಕೆ. ಗಂಗವ್ವ ಎಷ್ಟೋ ಸಲ ಹೇಳಿದ್ದರು. ಇಲ್ಲಿ ಕಲ್ಲಿನ ಜಾಗಕ್ಕೆ ಹತ್ತಿ ಬಂದು ಕೂತಿತ್ತು.

“ಆಯಿ,” ನನ್ನ ದನಿ ನನಗೇ ಜೋರಾಗಿ ಕೇಳಿಸಿತು, “ಕಲ್ಲು ಇಲ್ವಾ?”

ಸುಶೀಲಾಬಾಯಿ ತಿರುಗಿದರು. “ಎಲ್ಲಿ ಕಲ್ರೀ ಬಾಯಿ? ಹದಿನೆಂಟನೇ ಮಾಳಗ್ಯಾಗ ಯಾರು ರುಬ್ಬತಾರ? ಮಿಕ್ಸರ್ ಮಲಗಸ್ಲೇನು?”

ಹಾಲೆಲ್ಲ ನಕ್ಕಿತು. ನಾನು ನಗಲಿಲ್ಲ.

“ಹಗ್ಗ ತಾಳುತ್ತೋ ಇಲ್ವೋ ನನಗೆ ಗೊತ್ತಿಲ್ಲ ಆಯಿ. ಭಾರ ಇಟ್ಟು ನೋಡದೆ ಮಗೂನ ಹಾಕಬೇಡಿ.”

ಹಾಡು ನಿಂತಿತು. ನೇಹಾಳ ಮುಖ ಕೆಂಪಾಯಿತು. “ಶುಭದ ಹೊತ್ತಿನ್ಯಾಗ ಎಂಥಾ ಮಾತ್ರೀ ಇದು!” ಎಂದು ಸೋದರತ್ತೆ ತಟ್ಟೆ ಕೆಳಗಿಟ್ಟಳು.

ಸುಶೀಲಾಬಾಯಿ ಕೂಸನ್ನು ಇನ್ನಷ್ಟು ಎದೆಗೆ ಒತ್ತಿಕೊಂಡರು. “ಹಗ್ಗಾ ಮಾಡಿದವರು ನೀವಽ ಅಲ್ಲೇನು?”

“ನಾನೇ.”

“ಮತ್ತ ನಿಮಗಽ ಗೊತ್ತಿಲ್ಲಂದ್ರ?”

“ಅದಕ್ಕೇ ಓಡಿಬಂದೆ ಆಯಿ.”

ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಬೆವರಿದ ಕುರ್ತಾ, ಕೈಯಲ್ಲಿ ನೂಲಿನ ಹಗ್ಗ, ಹಿಂದೆ ಬಾಗಿಲಿಗೆ ಆತು ನಿಂತ ಶಾಂತಾ. ಆಮೇಲೆ ಒಳಕ್ಕೆ ಮುಖ ಮಾಡಿ ಮಗನನ್ನು ಕರೆದರು.

“ಏ ಸಂದೀಪಾ! ನಿನ್ನ ಕಬ್ಬಿಣದ ಗುಂಡು ತಗೊಂಬಾ. ದಿನಾ ಎತ್ತತೀನಂತ ತಂದಿಟ್ಟು ಧೂಳಾ ತಿನ್ನಾಕತ್ತಾವ, ಇವತ್ತರ ಉಪಯೋಗಕ್ಕ ಬರ್ಲಿ.”

ಹೀಗೆ ಕೂಸಿನ ಅಪ್ಪನ ಎರಡು ಡಂಬೆಲ್‌ಗಳು ನಾಮಕರಣಕ್ಕೆ ಬಂದವು. ಒಂದಕ್ಕೆ ಕುಲಾವಿ ತೊಡಿಸಿದರು. ಇನ್ನೊಂದಕ್ಕೆ ಟರ್ಕಿ ಟವೆಲ್ ಸುತ್ತಿದರು. ಅರಿಸಿನ ಕುಂಕುಮ ಹಚ್ಚಿದರು. ಸೋದರತ್ತೆ ಒಲ್ಲದ ಮನಸ್ಸಿನಿಂದಲೇ ಒಂದೊಂದಾಗಿ ತೊಟ್ಟಿಲಿಗೆ ಇಟ್ಟಳು. ಬುಟ್ಟಿ ಕಿರ್ ಎಂದಿತು.

“ಹಾಡ್ರೆವಾ,” ಎಂದರು ಸುಶೀಲಾಬಾಯಿ. “ಸುಮ್ಮ ತೂಗಬಾರದು.”

ಹೆಂಗಸರು ಡಂಬೆಲ್‌ಗೆ ಜೋಗುಳ ಹಾಡತೊಡಗಿದರು. ಮೊದಲ ಸಾಲಿಗೆ ಯಾರಿಗೂ ನಗು ತಡೆಯಲಾಗಲಿಲ್ಲ. ತೊಟ್ಟಿಲು ಆ ಕಡೆ ಹೋಯಿತು, ಈ ಕಡೆ ಬಂತು. ಚೆನ್ನಾಗಿಯೇ ತೂಗಿತು. ಎರಡನೇ ಸಾಲು, ಮೂರನೇ ಸಾಲು. ನೇಹಾ ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಲ್ಲದೆ ಬೇರೆ ಏನೂ ಇರಲಿಲ್ಲ. ನಾನು ತಪ್ಪು ಊಹಿಸಿದ್ದೇನೆಯೇ? ಅವಳ ದಿನ ಹಾಳು ಮಾಡಿದೆನೇ? ತಪ್ಪಾಗಿರಲಿ ಎಂದೇ ಬೇಡಿಕೊಂಡೆ.

ಶಾಂತಾ ನನ್ನ ತೋಳು ಹಿಡಿದಳು. “ಅಕ್ಕಾ, ಹೂವ ನೋಡ್ರಿ.”

ಕಿಟಕಿಯ ಕಡೆಯ ಮೂಲೆ. ಹಗ್ಗಕ್ಕೆ ಸುತ್ತಿದ್ದ ಮಲ್ಲಿಗೆ ದಂಡೆ ನಿಧಾನವಾಗಿ ತಿರುಗುತ್ತಿತ್ತು. ಮೇಲೆ ಹಿತ್ತಾಳೆ ಕೊಂಡಿ ತಿರುಗಿತು. ನನ್ನ ಡಬ್ಬಿಯ ಹಾಗೆಯೇ, ಒಂದು ಸುತ್ತು, ಇನ್ನೊಂದು ಸುತ್ತು. ಹೂವುಗಳು ಒಂದೊಂದೇ ಉದುರಿ ಕೆಳಗೆ ಬಿದ್ದವು. ಹಾಡುತ್ತಿದ್ದವರಲ್ಲಿ ಒಬ್ಬೊಬ್ಬರೇ ನಿಲ್ಲಿಸಿದರು. ದಂಡೆಯ ಸಂದಿನಲ್ಲಿ ಖಾಕಿ ಬಣ್ಣ ಕಂಡಿತು, ಬಾಯಿ ಬಿಟ್ಟ ಹಗ್ಗ ಕಂಡಿತು. ಕೊಂಡಿಗೆ ಹಾಕಿದ್ದ ಕುಣಿಕೆ ಸಡಿಲಾಯಿತು. ಆ ಮೂಲೆ ಒಂದು ಗೇಣು ಜಾರಿತು, ನಿಂತಿತು, ಪೂರ್ತಿ ಕಳಚಿತು.

ಕುಲಾವಿ ತೊಟ್ಟ ಡಂಬೆಲ್ ಉರುಳಿ ಅಂಚಿನಿಂದ ಹೊರಗೆ ಬಿತ್ತು. ಬಿದ್ದ ಜಾಗದಲ್ಲಿ ಟೈಲ್ಸ್ ಒಡೆಯಿತು.

ಅಜ್ಜಿಯ ಎದೆಯ ಮೇಲೆ ಕೂಸು ಆಕಳಿಸಿತು. ನೇಹಾ ಬಂದು ಅದನ್ನು ಕಸಿದುಕೊಂಡ ಹಾಗೆ ಎತ್ತಿಕೊಂಡಳು. “ಸುಬಹ್ ಯಾಕ್ ಹೇಳಿಲ್ಲ ದೀದಿ? ಸುಬಹ್ ಯಾಕ್ ಹೇಳಿಲ್ಲ?” ಎಂದು ಎರಡು ಸಲ ಕೇಳಿದಳು. ಬೆಳಗ್ಗೆ ನನಗೆ ಗೊತ್ತಿರಲಿಲ್ಲ ಎಂಬುದು ಉತ್ತರವಾಗಿತ್ತು. ಗೊತ್ತಿರಬೇಕಿತ್ತಲ್ಲ?

ಹೂವು ಕಿತ್ತು ನಾಲ್ಕೂ ಹಗ್ಗ ಬಿಚ್ಚಿದೆವು. ಸ್ಟೂಲಿನ ಮೇಲೆ ಹತ್ತಿ ನೂಲಿನ ಹಗ್ಗ ಕಟ್ಟಿದವಳು ಶಾಂತಾ. ಮೊದಲು ಬಲಗೈಯಲ್ಲಿ ಗಂಟು ಹಾಕಲು ನೋಡಿದಳು. ಅಷ್ಟೂ ಕಣ್ಣುಗಳು ಅವಳ ಮೇಲೆ. ಗಂಟು ಕೂರಲಿಲ್ಲ. ಆಮೇಲೆ ಕೈ ಬದಲಿಸಿದಳು. ಎಡಗೈಯಲ್ಲಿ ನಾಲ್ಕು ಗಂಟು, ಟಕಟಕನೆ. ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಸುಶೀಲಾಬಾಯಿಯೂ ನೋಡಿದರು. ಡಂಬೆಲ್ ಎತ್ತಿಕೊಂಡು ಬಂದು, ತಾವೇ ಮತ್ತೆ ತೊಟ್ಟಿಲಿಗೆ ಇಟ್ಟು, ಹಾಡು ಮುಗಿಯುವ ತನಕ ತೂಗಿದರು. ಆಮೇಲೆಯೇ ಸೊಸೆಯ ಕಡೆ ಕೈ ಚಾಚಿದ್ದು. “ಈಗ ತಾ ಕೂಸಿನ್ನ.”

ಹೆಸರಿಟ್ಟದ್ದು ತಡವಾಗಿ. ಸೋದರತ್ತೆ ನನ್ನ ಕಡೆ ಕೊನೆಯ ತನಕ ನೋಡಲಿಲ್ಲ.

ಹೊರಡುವಾಗ ಸುಶೀಲಾಬಾಯಿ ಬಾಗಿಲ ತನಕ ಬಂದರು, ಶಾಂತಾಳ ಕೈಗೂ ನನ್ನ ಕೈಗೂ ಎಲೆ ಅಡಿಕೆ ಕೊಟ್ಟರು. “ಕಳಸೂ ಮುಂದ ಯಾಕ ತೂಗಿ ನೋಡಲಿಲ್ರೀ?” ಎಂದು ಕೇಳಿದರು.

“ಖಾಲಿ ತೊಟ್ಟಿಲು ತೂಗಬಾರದು ಅಂದ್ರು ಆಯಿ.”

“ಖಾಲಿ ತೂಗಬ್ಯಾಡಂದಾರ, ಖರೆ ಐತಿ. ತುಂಬಿ ತೂಗಬ್ಯಾಡಂತ ಯಾರು ಅಂದಾರ್ರೀ?”

ಲೋಕಲ್‌ನಲ್ಲಿ ವಾಪಸು ಬರುವಾಗ ನನ್ನ ತಲೆಯಲ್ಲಿ ಅದೊಂದೇ ಮಾತು. ಕಲ್ಲು ಇಟ್ಟು ತೂಗುವುದನ್ನು ಶುರುಮಾಡಿದ ಅಜ್ಜಿ ಯಾರೋ, ಅವಳ ಮನಸ್ಸಿನಲ್ಲಿ ಹಾರೈಕೆ ಇತ್ತೋ ಹಗ್ಗದ ಚಿಂತೆ ಇತ್ತೋ ನನಗೆ ಗೊತ್ತಿಲ್ಲ. ಎರಡೂ ಇರಬಹುದು. ನಾವು ಜಾಣರು. ಹಾರೈಕೆ ಇಟ್ಟುಕೊಂಡೆವು, ಕಲ್ಲಿನಿಂದ ಭಾರವನ್ನು ತೆಗೆದುಹಾಕಿದೆವು. ಹತ್ತಿ ತುಂಬಿದ್ದು ನೋಡಲು ಮುದ್ದಾಗಿರುತ್ತದೆ, ಟೈಲ್ಸ್ ಒಡೆಯುವುದಿಲ್ಲ, ಫೋಟೋದಲ್ಲಿ ನಗುತ್ತದೆ. ನಾನೂ ಬೇರೆಯೇನಲ್ಲ. ಖಾಲಿ ತೂಗಬಾರದು ಎಂಬ ಅರ್ಧವನ್ನು ಹಿಡಿದೆ, ಟೆಂಪೋ ಕಾಯುತ್ತಿತ್ತು ಎಂದು ಇನ್ನರ್ಧ ಬಿಟ್ಟೆ.

ನೇಹಾ ಭಾನುವಾರ ವಿಡಿಯೊ ಹಾಕಿದಳು. ಹೂವು, ಕೂಸು, ನಗು ಎಲ್ಲ ಇದೆ. ಹಗ್ಗ ಬಿಳಿಯದು. ನನ್ನ ಹೆಸರಿಲ್ಲ. ಇರಬೇಕೆಂದು ಹೇಳಲು ನನಗೆ ಬಾಯಿಲ್ಲ.

ಬುಧವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಸುಶೀಲಾಬಾಯಿ. ನಮಸ್ಕಾರ, ಚೆನ್ನಾಗಿದ್ದೀರಾ, ಏನೂ ಇಲ್ಲ. “ಬುಟ್ಟಿ ಛಲೋ ಐತಿ. ಆ ಬಿಳೀ ಹಗ್ಗಾ ಅದಕ್ಕ ಹೊಂದವಲ್ದು. ನಾಕು ಹಗ್ಗಾ ಹೊಸಾವು ಮಾಡಿ ಕಳಸ್ರಿ. ಭಾರ ಇಟ್ಟು ತೂಗಿ ಕಳಸ್ರಿ.” ಇಟ್ಟುಬಿಟ್ಟರು.

ಈ ಸಲ ನಾಲ್ಕೂ ಹಗ್ಗಗಳ ಎಲ್ಲ ಎಳೆಗಳನ್ನು ಒಬ್ಬಳೇ ಹೊಸೆಯಲಿ ಎಂದು ತೀರ್ಮಾನಿಸಿದೆ. ಶಾಂತಾಳ ಎಳೆ ನಮ್ಮಿಬ್ಬರದಕ್ಕಿಂತ ಬಿಗಿ. ಅವಳ ಮುಂದೆ ಒಂದು ಬೇರೆ ಡ್ರಮ್ ಇಟ್ಟೆ. “ಯಾವ ಕೈಲಿ ಬೇಕೋ ಆ ಕೈಲಿ ಮಾಡು. ಒಂದೇ ಕೈ ಇರಲಿ, ಅಷ್ಟೇ.”

ಅವಳು ಗಂಗವ್ವನ ಕಡೆ ನೋಡಿದಳು. ಗಂಗವ್ವ ತಮ್ಮ ಹುರಿ ನೋಡುತ್ತಾ, “ನನ್ನ ಏನ್ ನೋಡ್ತಿ? ಕೆಲಸ ನೋಡು,” ಎಂದರು. ಶಾಂತಾ ಎಡಗೈಯಲ್ಲಿ ಹೊಸೆಯತೊಡಗಿದಳು. ಹಗಲು ಹೊತ್ತಿನಲ್ಲಿ, ಮಂದಿಯ ಮುಂದೆ.

ಶುಕ್ರವಾರ ಹಗ್ಗ ಒಣಗಿತು. ಮನೆಯಿಂದ ಅಕ್ಕಿಚೀಲ ತರುವುದೋ, ಯಾರದಾದರೂ ಡಂಬೆಲ್ ಕೇಳುವುದೋ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಏಣಿಯ ಕೆಳಗಿನಿಂದ ಕೂಗು ಕೇಳಿಸಿತು. “ಏ, ಯಾರರ ಕೈ ಕೊಡ್ರಿ!” ಗಂಗವ್ವ. ಒಂದು ಕೈಯಲ್ಲಿ ಏಣಿ ಹಿಡಿದಿದ್ದಾರೆ, ಇನ್ನೊಂದು ಕಂಕುಳಲ್ಲಿ ಸೆರಗು ಸುತ್ತಿದ ಗುಂಡುಕಲ್ಲು. ಊರಿನಿಂದ ತಂದದ್ದಂತೆ. ತಮ್ಮ ಖೋಲಿಯಲ್ಲಿ ಬಾಗಿಲು ಗಾಳಿಗೆ ಹೊಡೆದುಕೊಳ್ಳದಿರಲಿ ಎಂದು ಅಡ್ಡ ಇಡುತ್ತಿದ್ದರಂತೆ.

ಮಾಡಿನ ಪಟ್ಟಿಗೆ ನಾಲ್ಕು ಹಗ್ಗ ಕಟ್ಟಿ, ಕೆಳಗೆ ಒಂದು ಬುಟ್ಟಿ ಕಟ್ಟಿದೆವು. ಗಂಗವ್ವ ಕಲ್ಲನ್ನು ತಲೆಯ ಕಡೆ, ಕಾಲಿನ ಕಡೆ ನೋಡಿ, ಕೂಸನ್ನು ಮಲಗಿಸುವ ಹಾಗೆಯೇ ಮಲಗಿಸಿದರು. ತೂಗಿದರು. ನಾವು ಮೂವರೂ ಹಗ್ಗಗಳನ್ನೇ ನೋಡುತ್ತಾ ನಿಂತೆವು. ಹಗ್ಗ ಬಿಗಿದು ನಿಂತಿತು. ತಿರುಗಲಿಲ್ಲ, ಬಾಯಿ ಬಿಡಲಿಲ್ಲ.

ಗಂಗವ್ವ ಒಂದು ಹಗ್ಗವನ್ನು ಬೆರಳಲ್ಲಿ ಸವರಿದರು. ತಿರುವು ಯಾವ ಕಡೆಗಿದೆ ಎಂದು ಅವರ ಬೆರಳಿಗೆ ತಿಳಿಯದೇ ಇರುತ್ತದೆಯೇ?

“ಎಡಗೈದು,” ಎಂದರು.

“ಹೌದು ಗಂಗವ್ವ.”

ಅವರು ತೂಗುವುದನ್ನು ನಿಲ್ಲಿಸಲಿಲ್ಲ.

ಅಲ್ಲ, ನೀವೇ ಹೇಳಿ: ಒಳಗೆ ಮಲಗಿದ ಆ ಕಲ್ಲಿಗೆ ಎಡ ಯಾವುದು, ಬಲ ಯಾವುದು?